ಹದಿನಾಲ್ಕು ಮಕ್ಕಳ ಶಾಲೆ ಮತ್ತು ಎರಡನೇ ಅಕ್ಕೋರು

ಪ್ರಶ್ನೆ: ಅಕ್ಕೋರೆ, ನಮಸ್ಕಾರ. ನಮ್ಮದು ಶಿರಸಿ ತಾಲೂಕಿನ ಘಟ್ಟದಂಚಿನ ಊರು. ಮನೆಯವರೂ ನಾನೂ ಅಡಿಕೆ ತೋಟದ ಕೆಲಸಕ್ಕೆ ಹೋಗುತ್ತೇವೆ. ಮಗಳು ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಎರಡನೇ ಕ್ಲಾಸು. ಐದೂ ಕ್ಲಾಸು ಸೇರಿ 14 ಮಕ್ಕಳು. ಹಾಜರಿ ಪುಸ್ತಕದಲ್ಲಿ ಇಬ್ಬರು ಅಕ್ಕೋರ (ಶಿಕ್ಷಕಿಯರ) ಹೆಸರಿದೆ, ಆದರೆ ಒಬ್ಬರನ್ನು ಹೋದ ವರ್ಷವೇ ಬೇರೆ ಶಾಲೆಗೆ ನಿಯೋಜನೆ ಮೇಲೆ ಹಾಕಿದ್ದಾರೆ. ಇರುವವರಿಗೆ ಮೀಟಿಂಗು, ಟ್ರೇನಿಂಗು ಬಂದ ದಿನ ಮಕ್ಕಳನ್ನು ನೋಡಿಕೊಳ್ಳುವುದು ಅಡುಗೆಯವರು. ಅನುಕೂಲ ಇದ್ದವರು ಮಕ್ಕಳನ್ನು ವ್ಯಾನಿನಲ್ಲಿ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಕಳಿಸುತ್ತಿದ್ದಾರೆ. ಮುಂದಿನ ವರ್ಷ ನಮ್ಮ ಶಾಲೆ ಮುಚ್ಚಿ 6 ಕಿ.ಮೀ. ದೂರದ ಶಾಲೆಗೆ ಸೇರಿಸುತ್ತಾರೆ ಎಂದು ಸುದ್ದಿ. ದಾರಿಯಲ್ಲಿ ಎರಡು ಹಳ್ಳ ಇದೆ. ಎಲ್ಲ ಮಕ್ಕಳಿಗೂ ಒಳ್ಳೆ ಶಿಕ್ಷಣ ಸಿಗಬೇಕು ಅಂತ ಕಾನೂನೇ ಇದೆಯಂತೆ. ಅದು ನಮ್ಮ ಹುಡುಗಿಗೂ ಸಿಗುತ್ತದೋ? ನಾವು ಈಗ ಏನು ಮಾಡಬೇಕು?
(ಒಬ್ಬ ತಾಯಿ, ಶಿರಸಿ ತಾಲೂಕು)

ಉತ್ತರ: ತಂಗೀ, ಮಗಳನ್ನು ಈ ವರ್ಷ ಶಾಲೆ ಬಿಡಿಸಬೇಡಿ. ಶಾಲೆ ಮುಚ್ಚುವುದಕ್ಕೂ ಒಪ್ಪಬೇಡಿ, ಈಗ ಹೇಳುತ್ತಿರುವ ರೀತಿಯಲ್ಲಂತೂ ಬೇಡವೇ ಬೇಡ. ನಿಮ್ಮ ಊರಿನವರೆಲ್ಲ ಸೇರಿ ಕೇಳಬೇಕಾದದ್ದು ಒಂದೇ: ನಿಯೋಜನೆ ಮೇಲೆ ಹೋದ ಅಕ್ಕೋರು ವಾಪಸು ಬರಬೇಕು. ಹೊಸ ಕಟ್ಟಡ, ಸ್ಮಾರ್ಟ್ ಕ್ಲಾಸು, ಗೋಡೆಗೆ ಬಣ್ಣ, ಕಾಂಪೌಂಡು ಎಲ್ಲ ಆಮೇಲಿನ ಮಾತು. ಈ ಒಂದನ್ನೇ ಯಾಕೆ ಹಿಡಿದು ಕೂರಬೇಕು ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನಾಳೆ ನೀವು ಇದನ್ನೆಲ್ಲ ಆಫೀಸಿನ ಮೇಜಿನ ಮುಂದೆ ನಿಂತು ಹೇಳಬೇಕಾಗುತ್ತದೆ.

2003ರಿಂದ ಏಳು ವರ್ಷ ನಾನು ಜೋಯಿಡಾ ತಾಲೂಕಿನ ಕಾಡೊಳಗಿನ ಒಂದು ಶಾಲೆಯಲ್ಲಿ ಒಬ್ಬಳೇ ಇದ್ದೆ. ಐದು ಕ್ಲಾಸು, 19 ಮಕ್ಕಳು. ಬಿಸಿಯೂಟ ಆಗಷ್ಟೇ ಶುರುವಾಗಿತ್ತು. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಹಾಜರಿ ಕರೆದು, ಅಕ್ಕಿ ಬೇಳೆ ಅಳೆದು ಕೊಟ್ಟು, ಸ್ಟಾಕ್ ಪುಸ್ತಕ ಬರೆಯುವಷ್ಟರಲ್ಲಿ ಹತ್ತೂವರೆ. ಒಂದನೇ ಕ್ಲಾಸಿನವರನ್ನು ಅಕ್ಷರಕ್ಕೆ ಕೂರಿಸಿದರೆ ಮೂರನೆಯವರು ಕಿತ್ತಾಡುತ್ತಾರೆ, ಮೂರನೆಯವರಿಗೆ ಮಗ್ಗಿ ಹೇಳಿಸಿದರೆ ಒಂದನೆಯವರು ಹೊರಗೆ ಓಡುತ್ತಾರೆ. ಒಂದು ದಿನ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಪಾಟಿ ಹಿಡಿದುಕೊಂಡು ನನ್ನ ಹತ್ತಿರ ಬಂದು ನಿಂತ. 96 ಭಾಗ 4. ಹಿಂದಿನ ದಿನ ಹೇಳಿಕೊಟ್ಟದ್ದು ಅವನಿಗೆ ತಿಳಿದಿರಲಿಲ್ಲ. 'ಕೂತ್ಕೊ, ಬಂದೆ' ಎಂದೆ. ಅಷ್ಟರಲ್ಲಿ ಯಾರಿಗೋ ಹೊಟ್ಟೆನೋವು, ಯಾರೋ ಪಂಚಾಯತಿಯಿಂದ ಬಂದರು, ಊಟದ ಹೊತ್ತಾಯಿತು. ಸಂಜೆ ನಾಲ್ಕಕ್ಕೆ ಬಾಗಿಲು ಹಾಕುವಾಗ ನೆನಪಾಯಿತು. ಪಾಟಿ ಗೂಡಿನಲ್ಲಿತ್ತು. ಲೆಕ್ಕ ಬರೆದದ್ದು ಬರೆದ ಹಾಗೇ ಇತ್ತು, ಕೆಳಗೆ ಒಂದು ಮೀನಿನ ಚಿತ್ರ ಬಿಡಿಸಿದ್ದ. ಅವನು ಆಮೇಲೆ ಲೆಕ್ಕ ಕೇಳಲು ಬರುವುದನ್ನೇ ಬಿಟ್ಟ. ಆ ಮಗು ದಡ್ಡನಾಗಿರಲಿಲ್ಲ, ನಾನು ಸೋಮಾರಿಯಾಗಿರಲಿಲ್ಲ. ಆ ಶಾಲೆಯಲ್ಲಿ ಇನ್ನೊಬ್ಬರು ಇರಬೇಕಿತ್ತು, ಇರಲಿಲ್ಲ.

ಈಗಿನ ಅಕ್ಕೋರಿಗೆ ಇದರ ಮೇಲೆ ಹಾಲಿನ ಪುಡಿ ಕಲಸಿ ಹಂಚುವುದು, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಮೊಬೈಲಿನಲ್ಲಿ ದಿನದ ಮಾಹಿತಿ ತುಂಬುವುದು ಎಲ್ಲ ಸೇರಿದೆ. ಹಾಲು, ಮೊಟ್ಟೆ ಬೇಡ ಎಂದು ಯಾರೂ ಹೇಳಬಾರದು. ಹಸಿದ ಮಗುವಿಗೆ ಅಕ್ಷರ ಹತ್ತುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡವಳು ನಾನು. ಆದರೆ ಈ ಕೆಲಸವೆಲ್ಲ ಒಬ್ಬರ ತಲೆಯ ಮೇಲೆ ಬಿದ್ದಾಗ ಕಡಿತವಾಗುವುದು ಪಾಠದ ಹೊತ್ತೇ. ಹಾಗಾಗಿ ನಿಮ್ಮ ಊರಲ್ಲಿ ಉಳಿದಿರುವ ಅಕ್ಕೋರ ಮೇಲೆ ಸಿಟ್ಟು ಮಾಡಬೇಡಿ. ಅವರನ್ನು ಜೊತೆಗಿಟ್ಟುಕೊಂಡೇ ಈ ಕೆಲಸ ಮಾಡಬೇಕು.

ಇನ್ನು ಕಾನೂನು. 2002ರ ಸಂವಿಧಾನ ತಿದ್ದುಪಡಿಯಿಂದ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದನ್ನು ಜಾರಿಗೆ ತರುವ ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಯಾದದ್ದು 2010ರ ಏಪ್ರಿಲ್ 1ರಿಂದ. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಅದು ಅನ್ವಯ. ಈ ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ, ಒಂದೇ ಒಂದು ಪಟ್ಟಿ. ಅದರ ಮೊದಲ ಸಾಲೇ ನಿಮಗೆ ಬೇಕಾದದ್ದು: ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60ರವರೆಗೆ ಮಕ್ಕಳಿದ್ದರೆ ಶಿಕ್ಷಕರು ಇಬ್ಬರು. 60 ಮಕ್ಕಳಿದ್ದರೆ ಮಾತ್ರ ಇಬ್ಬರು ಎಂದು ಅದರ ಅರ್ಥವಲ್ಲ. 14 ಇದ್ದರೂ ಇಬ್ಬರು. 60 ದಾಟಿದರೆ ಮೂವರು. ಆಫೀಸಿನಲ್ಲಿ 'ಮೂವತ್ತು ಮಕ್ಕಳಿಗೆ ಒಬ್ಬರು, ನಿಮ್ಮಲ್ಲಿ ಹದಿನಾಲ್ಕೇ ಮಕ್ಕಳಲ್ಲವೇ' ಎಂದು ಹೇಳುವವರು ಸಿಗುತ್ತಾರೆ. ಭಾಗಾಕಾರ ಮಾಡಿ ತೋರಿಸುತ್ತಾರೆ. ಒಪ್ಪಬೇಡಿ. ಅನುಸೂಚಿಯ ಆ ಸಾಲನ್ನು ಬರೆದುಕೊಂಡು ಹೋಗಿ ತೋರಿಸಿ.

ಎರಡನೆಯದು ನಿಯೋಜನೆ. ಇದು ಹೆಚ್ಚಿನ ಪಾಲಕರಿಗೆ ಗೊತ್ತೇ ಇಲ್ಲ, ಎಷ್ಟೋ ಶಿಕ್ಷಕರಿಗೂ ಗೊತ್ತಿಲ್ಲ. ಕಾಯ್ದೆಯ 25ನೇ ಕಲಮಿನ ಎರಡನೇ ಉಪಕಲಮು ಹೇಳುವುದೇನೆಂದರೆ, ಶಿಕ್ಷಕರ ಈ ಪ್ರಮಾಣ ಕಾಯ್ದುಕೊಳ್ಳಬೇಕಾದ್ದರಿಂದ ಒಂದು ಶಾಲೆಗೆ ನೇಮಕವಾದವರನ್ನು ಬೇರೆ ಶಾಲೆಯಲ್ಲಾಗಲಿ ಆಫೀಸಿನಲ್ಲಾಗಲಿ ಕೆಲಸ ಮಾಡಿಸುವಂತಿಲ್ಲ. ಶಿಕ್ಷಣೇತರ ಕೆಲಸಕ್ಕೂ ಹಾಕುವಂತಿಲ್ಲ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ, ಇವಕ್ಕಷ್ಟೇ 27ನೇ ಕಲಮಿನಲ್ಲಿ ವಿನಾಯಿತಿ. ನಿಮ್ಮ ಎರಡನೇ ಅಕ್ಕೋರನ್ನು ಇನ್ನೊಂದು ಶಾಲೆಗೆ ಕಳಿಸಿದಾಗ ಅಲ್ಲಿಯ ಕೊರತೆ ತುಂಬಿರಬಹುದು. ಅಲ್ಲಿಯ ಮಕ್ಕಳಿಗೂ ಅಕ್ಕೋರು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಮಕ್ಕಳ ಪಾಲಿನದನ್ನು ಎತ್ತಿ ಅಲ್ಲಿಗೆ ಕೊಟ್ಟರೆ ಕೊರತೆ ಊರು ಬದಲಿಸಿತು, ಅಷ್ಟೆ. ಯಾವ ಶಾಲೆಯಲ್ಲೂ ಖಾಲಿ ಹುದ್ದೆ ಮಂಜೂರಾದದ್ದರ ಶೇ. 10ನ್ನು ಮೀರಬಾರದು ಎಂದು 26ನೇ ಕಲಮಿನಲ್ಲಿದೆ. ಇಬ್ಬರು ಇರಬೇಕಾದಲ್ಲಿ ಒಬ್ಬರಿದ್ದರೆ ಅರ್ಧವೇ ಖಾಲಿ.

ಈಗ ಆ 6 ಕಿ.ಮೀ. ದಾರಿಯ ಮಾತು. ಕೇಂದ್ರ ಸರ್ಕಾರದ 2010ರ ನಿಯಮದಂತೆ ಒಂದರಿಂದ ಐದನೇ ತರಗತಿಗೆ ಶಾಲೆ 1 ಕಿ.ಮೀ. ನಡಿಗೆಯೊಳಗೆ ಇರಬೇಕು, ಆರರಿಂದ ಎಂಟಕ್ಕೆ 3 ಕಿ.ಮೀ. ಒಳಗೆ. ರಾಜ್ಯಗಳ ನಿಯಮಗಳಿಗೂ ಇದೇ ಮಾದರಿ. ಅದರಲ್ಲೇ ಇನ್ನೊಂದು ಮಾತಿದೆ. ನೆಲ ಕಷ್ಟದ್ದಾಗಿದ್ದರೆ, ಧರೆ ಕುಸಿಯುವ ಭಯ, ನೆರೆ, ರಸ್ತೆಯಿಲ್ಲದಿರುವುದು, ಹೀಗೆ ಚಿಕ್ಕ ಮಕ್ಕಳಿಗೆ ದಾರಿಯಲ್ಲಿ ಅಪಾಯ ಇದ್ದರೆ ಈ ದೂರವನ್ನು ಇನ್ನೂ ಕಡಿಮೆ ಮಾಡಬೇಕು. ಗಮನಿಸಿ, ಕಡಿಮೆ ಮಾಡಬೇಕು. ಈ ನಿಯಮ ಬರೆದವರು ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದರೋ ಎಂದು ನನಗೆ ಎಷ್ಟೋ ಸಲ ಅನಿಸಿದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದದ್ದನ್ನು ಇಡೀ ರಾಜ್ಯ ನೋಡಿದೆ. ಹೆದ್ದಾರಿಯೇ ಹಾಗಾದರೆ ನಮ್ಮ ಒಳದಾರಿಗಳ ಗತಿ ಏನು ಎಂದು ಹೊರಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ನಿಮಗೆ ಹೇಳಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಅಡಿಕೆ ಮರ ಅಡ್ಡ ಹಾಕಿದ ಕಾಲುಸಂಕದ ಮೇಲೆ ಪಾಚಿ ಕಟ್ಟಿರುತ್ತದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈ ಹಿಡಿಗೆಯ ಬಳ್ಳಿಗೆ. ಕಾಲಿಗೆ ಹತ್ತಿದ ಉಂಬಳ ಕೀಳಲು ಬಗ್ಗುವ ಹಾಗಿಲ್ಲ. ಏಳು ವರ್ಷದ ಮಗು ದಿನಕ್ಕೆ ನಾಲ್ಕು ಸಲ ಹಳ್ಳ ದಾಟಬೇಕು ಎನ್ನುವುದು ನಕಾಶೆಯ ಮೇಲೆ ಕಾಣುವುದಿಲ್ಲ. ಅಲ್ಲಿ ಕಾಣುವುದು '6 ಕಿ.ಮೀ.' ಎಂದಷ್ಟೇ.

ಹಾಗಾಗಿ ಮಳೆ ಬಂದ ದಿನ ತಾಯಂದಿರು ಮಕ್ಕಳನ್ನು ಕಳಿಸುವುದಿಲ್ಲ, ಕಳಿಸಬಾರದು ಕೂಡ. ಕಿರಿಯ ಪ್ರಾಥಮಿಕಕ್ಕೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಆಗಬೇಕು ಎಂದು ಅದೇ ಅನುಸೂಚಿ ಹೇಳುತ್ತದೆ. ಜಿಲ್ಲಾಧಿಕಾರಿಗಳು ಕೊಡುವ ಮಳೆ ರಜೆಯನ್ನು ಶನಿವಾರದ ಪೂರ್ತಿ ದಿನದ ಪಾಠದಲ್ಲಿ ಹೊಂದಿಸಬಹುದು. ಹಳ್ಳ ತುಂಬಿದ್ದಕ್ಕೆ ನಿಮ್ಮ ಮಗಳೊಬ್ಬಳೇ ತಪ್ಪಿಸಿಕೊಂಡ ದಿನವನ್ನು ಯಾರೂ ಹೊಂದಿಸಿ ಕೊಡುವುದಿಲ್ಲ. ಜುಲೈ, ಆಗಸ್ಟ್ ಎರಡು ತಿಂಗಳು ಹೀಗೆ ಬಿಟ್ಟು ಬಿಟ್ಟು ಹೋದ ಮಗು ದಸರಾ ರಜೆಗೆ ಮುಂಚೆಯೇ ಹಿಂದೆ ಬಿದ್ದಿರುತ್ತದೆ. ಶಾಲೆ ದೂರ ಮಾಡಿದರೆ ಪೆಟ್ಟು ಬೀಳುವುದು ಮೊದಲು ಕಾಲಿಗೆ, ಆಮೇಲೆ ಓದಿಗೆ.

ವಿಲೀನವೇ ತಪ್ಪು ಎಂದು ನಾನು ಹೇಳುವುದಿಲ್ಲ. ಐದು ಮಕ್ಕಳ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನಲ್ಲಿ ಒಂದೇ ಮಗು ಇದ್ದರೆ ಅದಕ್ಕೆ ಜೊತೆಯಿಲ್ಲ, ಆಟವಿಲ್ಲ, ತಪ್ಪು ಉತ್ತರ ಕೊಟ್ಟು ನಗುವ ಗೆಳೆಯರೂ ಇಲ್ಲ. ಅಂಥ ಮಗುವನ್ನು ದೊಡ್ಡ ಶಾಲೆಗೆ ಕರೆದುಕೊಂಡು ಹೋಗಿ ನಾನೇ ಸೇರಿಸಿ ಬಂದದ್ದಿದೆ. ನನ್ನ ಅಭಿಪ್ರಾಯ ಇಷ್ಟು: ಮೂರನೇ ತರಗತಿಯವರೆಗೆ ಶಾಲೆ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು, ಅದರಲ್ಲಿ ರಾಜಿಯಿಲ್ಲ. ನಾಲ್ಕು, ಐದಕ್ಕೆ ಊರು ಊರು ನೋಡಿ ಯೋಚಿಸಬಹುದು. ಆರನೆಯಿಂದ ಮುಂದೆ ವಿಜ್ಞಾನಕ್ಕೊಬ್ಬರು, ಭಾಷೆಗೊಬ್ಬರು ಇರುವ ದೊಡ್ಡ ಶಾಲೆಯೇ ಮೇಲು, ವಾಹನ ಇದ್ದರೆ.

ಆ 'ವಾಹನ ಇದ್ದರೆ' ಎಂಬಲ್ಲೇ ಎಲ್ಲರೂ ಎಡವುವುದು. ಶಾಲೆ ಮುಚ್ಚುವ ಮಾತಿನ ಜೊತೆ 'ಸಾರಿಗೆ ಭತ್ಯೆ ಕೊಡುತ್ತೇವೆ' ಎಂಬ ಮಾತೂ ಬರುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅದಕ್ಕೆ ಅವಕಾಶ ಇರುವುದು ನಿಜ, ಒಂದು ಮಗುವಿಗೆ ವರ್ಷಕ್ಕೆ ಹೆಚ್ಚೆಂದರೆ 6,000 ರೂಪಾಯಿ. ನಿಮ್ಮ 14 ಮಕ್ಕಳಿಗೆ 84,000. ಅದನ್ನು 200 ದಿನಕ್ಕೆ ಹಂಚಿದರೆ ದಿನಕ್ಕೆ 420 ರೂಪಾಯಿ. ಬೆಳಿಗ್ಗೆ ಹೋಗಿ ಬಂದು, ಸಂಜೆ ಮತ್ತೆ ಹೋಗಿ ಬಂದರೆ 24 ಕಿ.ಮೀ. ಓಡಬೇಕು. ನಿಮ್ಮ ಊರಿನಲ್ಲಿ ಜೀಪು ಇಟ್ಟವರನ್ನು ಇವತ್ತೇ ಕೇಳಿ ನೋಡಿ, ಡೀಸೆಲ್ ಹಾಕಿಸಿಕೊಂಡು ವರ್ಷಪೂರ್ತಿ ಆ ರಸ್ತೆಯಲ್ಲಿ ಈ ದುಡ್ಡಿಗೆ ಬರುತ್ತಾರೋ ಎಂದು. ಬರುತ್ತೇನೆ ಎಂದರೆ ಹೆಸರು ಬರೆಸಿಕೊಳ್ಳಿ. ಬರುವುದಿಲ್ಲ ಎಂದರೆ ಅದೇ ಉತ್ತರವನ್ನು ಬಿಇಒ (ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಮುಂದಿಡಿ. ಭತ್ಯೆ ಮುಂದೆ ಯಾವಾಗಲೋ ಖಾತೆಗೆ ಬೀಳುವುದು ಬೇರೆ, ಜೂನ್ ಮೊದಲ ದಿನ ಮನೆ ಮುಂದೆ ಗಾಡಿ ಬಂದು ನಿಲ್ಲುವುದು ಬೇರೆ.

ಪೇಟೆಯ ವ್ಯಾನಿನ ಬಗ್ಗೆ ನೀವು ಬರೆದ ಸಾಲಿನಲ್ಲಿ ಒಂದು ನೋವು ಇದೆ, ಅದು ನನಗೆ ತಿಳಿಯುತ್ತದೆ. ಮಗುವನ್ನು ವ್ಯಾನಿಗೆ ಹತ್ತಿಸಿದವರನ್ನು ನಾನು ದೂರುವುದಿಲ್ಲ. ಯಾವ ಮಾಧ್ಯಮದಲ್ಲಿ ಓದಿಸಬೇಕು ಎಂಬುದು ಪಾಲಕರ ಆಯ್ಕೆ ಎಂದು 2014ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ವ್ಯಾನು ಬಂದ ಮೇಲೆ ಊರ ಶಾಲೆಗೆ ಏನಾಯಿತು ಎಂಬುದನ್ನು ನೋಡಬೇಕು. ಮಕ್ಕಳು ಕಡಿಮೆಯಾದದ್ದಷ್ಟೇ ಅಲ್ಲ. ಶಿಕ್ಷಕರು ನಾಲ್ಕು ದಿನ ಬರದಿದ್ದರೆ ಬಿಇಒ ಆಫೀಸಿಗೆ ಫೋನು ಮಾಡುತ್ತಿದ್ದವರು, ಸೊಸೈಟಿಯಲ್ಲಿ ಪಂಚಾಯತಿಯಲ್ಲಿ ಮಾತು ನಡೆಯುತ್ತಿದ್ದವರು, ಅವರ ಮಕ್ಕಳೂ ಹೋದರು, ಅವರ ಫೋನೂ ಹೋಯಿತು. ಉಳಿದದ್ದು ಕೂಲಿ ಮಾಡುವವರ, ಸಿದ್ದಿಗಳ, ಗೌಳಿಗಳ, ಮುಕ್ರಿಗಳ, ದಿನ ಬೆಳಗಾದರೆ ದೋಣಿ ಹತ್ತುವವರ ಮಕ್ಕಳು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ನೆರೆಹೊರೆ ಶಾಲೆ ಎಂಬ ಮಾತನ್ನು ಗಟ್ಟಿಯಾಗಿ ಹೇಳಿದ್ದು ಇದೇ ಕಾರಣಕ್ಕೆ. ಒಂದು ಊರಿನ ಧಣಿಯ ಮಗುವೂ ಆಳಿನ ಮಗುವೂ ಒಂದೇ ಶಾಲೆಗೆ ಹೋದರೆ ಆ ಶಾಲೆ ಚೆನ್ನಾಗಿರುವಂತೆ ಧಣಿಯೇ ನೋಡಿಕೊಳ್ಳುತ್ತಾನೆ. ಅರವತ್ತು ವರ್ಷ ಆಯಿತು, ಆ ಶಿಫಾರಸು ಹಾಗೇ ಉಳಿದಿದೆ. ಅದು ಹಳೆಯದಾಯಿತು ಎಂದು ನನಗೆ ಅನಿಸುವುದಿಲ್ಲ.

ಪೇಟೆಯ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಸಿಗಬಹುದೇ ಎಂದು ಯಾರಾದರೂ ಆಸೆ ಹುಟ್ಟಿಸಿದರೆ, ಅದರ ಹಿಂದೆ ಓಡಬೇಡಿ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ (ಅದೇ ಆರ್‌ಟಿಇ) ಖಾಸಗಿ ಶಾಲೆಗಳ ಶೇ. 25 ಸೀಟು ಬಡ, ಹಿಂದುಳಿದ ಮಕ್ಕಳಿಗೆ ಎಂಬ ಮಾತಿದೆ. ಆದರೆ 2019ರಲ್ಲಿ ನಮ್ಮ ರಾಜ್ಯ ನಿಯಮ ಬದಲಿಸಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿಯ ಖಾಸಗಿ ಶಾಲೆ ಆ ಸೀಟು ಕೊಡಬೇಕಾಗಿಲ್ಲ. ಅದೇ ವರ್ಷ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆ ಇರುವಾಗ ಖಾಸಗಿಯವರಿಗೆ ಶುಲ್ಕ ಯಾಕೆ ಕಟ್ಟಬೇಕು ಎಂಬುದು ಸರ್ಕಾರದ ವಾದವಾಗಿತ್ತು. ಸರಿ, ಒಪ್ಪೋಣ. ಹಾಗಾದರೆ ಆ ಸರ್ಕಾರಿ ಶಾಲೆಯಲ್ಲಿ ಇಬ್ಬರು ಅಕ್ಕೋರು ಇರಲೇಬೇಕಲ್ಲ? ಅದೇ ವಾದವನ್ನು ನೀವೂ ಹಿಡಿದುಕೊಳ್ಳಿ.

ಇಂಗ್ಲಿಷ್ ಬಗ್ಗೆ ಹೆದರಿಕೆ ಬೇಡ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲೂ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಅದನ್ನು ಚೆನ್ನಾಗಿ ಕಲಿಸಲು ಮತ್ತೆ ಆ ಎರಡನೆಯವರೇ ಬೇಕು.

ಭಾಷೆಯ ಮಾತು ಬಂದದ್ದರಿಂದ ನೀವು ಕೇಳದ ಒಂದು ವಿಷಯ ಹೇಳುತ್ತೇನೆ. ನಿಮ್ಮ ಶಾಲೆಯ 14ರಲ್ಲಿ ಮನೆಯಲ್ಲಿ ಕನ್ನಡ ಆಡದ ಮಕ್ಕಳೂ ಇರಬಹುದು. ಜೋಯಿಡಾದ ಕುಣಬಿಗಳ ಮನೆಮಾತು ಕೊಂಕಣಿ. ಯಲ್ಲಾಪುರ, ಮುಂಡಗೋಡ ಕಡೆಯ ಗೌಳಿಗಳದ್ದು ಮರಾಠಿಯ ಒಂದು ಬಗೆ. ಸಿದ್ದಿಗಳ ಎಷ್ಟೋ ಮನೆಗಳಲ್ಲಿ ಕೊಂಕಣಿ, ಕಾರವಾರದ ಕಡಲಂಚಿನಲ್ಲೂ ಅದೇ. ನಮ್ಮ ಒಂದನೇ ತರಗತಿಯಲ್ಲಿ ಅಕ್ಷರ ಶುರುವಾಗುವುದು ಅ, ಆ, ಇ, ಈ ಎಂದಲ್ಲ. ರ, ಗ, ಸ, ದ, ಅ ಎಂದು. ಈ ಐದರಲ್ಲೇ ಸರ, ಅರಸ, ಗರಗಸ ಎಂದು ಪದ ಕಟ್ಟಬಹುದು, ಒಳ್ಳೆಯ ಕ್ರಮ. ಜೋಯಿಡಾದಲ್ಲಿ ನಾನು ಗರಗಸದ ಚಿತ್ರ ತೋರಿಸಿ 'ಇದೇನು?' ಎಂದೆ. ಒಬ್ಬ ಕುಣಬಿ ಹುಡುಗಿ ಕೈಯೆತ್ತಿ 'ಕರ್ವತ್' ಎಂದಳು. ಅವಳ ಅಪ್ಪ ಮರಗೆಲಸದವನು, ದಿನಾ ನೋಡಿದ ವಸ್ತು, ಸರಿಯಾದ ಉತ್ತರ. ನಾನು 'ಅಲ್ಲ, ಗರಗಸ' ಎಂದು ಮುಂದೆ ಹೋದೆ. ದೀಪಾವಳಿಯವರೆಗೂ ಆ ಮಗು ಮತ್ತೆ ಕೈಯೆತ್ತಲಿಲ್ಲ. ನನಗೆ ತಪ್ಪು ತಿಳಿದದ್ದು ಐದನೇ ಕ್ಲಾಸಿನ ಅವಳ ಅಕ್ಕ ಹೇಳಿದಾಗ. ಆಮೇಲೆ ನಾನೇ ಕೊಂಕಣಿ ಕಲಿತೆ, ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ: ನೀರು ಎಂದರೆ ಉದಾಕ್, ಗರಗಸ ಎಂದರೆ ಕರ್ವತ್. ಮೊದಲು ಅವರ ಮಾತು, ಅದರ ಪಕ್ಕಕ್ಕೆ ಕನ್ನಡ. ಆ ಮಗುವಿಗೂ ಕನ್ನಡದ ಮಗುವಿಗೂ ಒಂದೇ ಪುಸ್ತಕ ಕೊಟ್ಟ ಮಾತ್ರಕ್ಕೆ ಇಬ್ಬರಿಗೂ ಒಂದೇ ಕಲಿಕೆ ಸಿಕ್ಕಿತು ಎನ್ನುವ ಹಾಗಿಲ್ಲ. ಒಂದು ಮಗುವಿನ ಪಕ್ಕ ಹತ್ತು ನಿಮಿಷ ಹೆಚ್ಚು ಕೂರಬೇಕು. ಐದು ಕ್ಲಾಸಿಗೆ ಒಬ್ಬರೇ ಇದ್ದರೆ ಆ ಹತ್ತು ನಿಮಿಷ ಎಲ್ಲಿಂದ ತರುವುದು?

ಮೇಲಿನವರು ಇನ್ನೊಂದು ಮಾತು ಹೇಳಬಹುದು: ನಮ್ಮ ಜಿಲ್ಲೆ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯದ ಮುಂಚೂಣಿಯಲ್ಲಿದೆ, ಇಲ್ಲಿ ಶಿಕ್ಷಣಕ್ಕೆ ಏನು ಕೊರತೆ ಎಂದು. ಫಲಿತಾಂಶ ಚೆನ್ನಾಗಿದೆ, ಅದಕ್ಕೆ ಶ್ರಮಿಸಿದ ಶಿಕ್ಷಕರ ಬಗ್ಗೆ ನನಗೆ ಹೆಮ್ಮೆಯೂ ಇದೆ. ಆದರೆ ಅದು ಹತ್ತನೇ ತರಗತಿಯವರೆಗೆ ಬಂದು ಪರೀಕ್ಷೆಗೆ ಕೂತವರ ಲೆಕ್ಕ. ಪಾಟಿಯ ಮೇಲೆ ಮೀನು ಬಿಡಿಸಿದ ಹುಡುಗ ಏಳನೆಯದಕ್ಕೇ ಬಿಟ್ಟು ಕ್ವಾರಿ ಕೆಲಸಕ್ಕೆ ಹೋದ. ಆ ಶೇಕಡಾವಾರಿನಲ್ಲಿ ಅವನು ಎಲ್ಲೂ ಇಲ್ಲ.

ಶಾಲೆ ಮಗುವಿದ್ದಲ್ಲಿಗೆ ಹೋಗಬೇಕು ಎಂಬುದು ನಮ್ಮ ಜಿಲ್ಲೆಗೆ ಹೊಸ ಮಾತೂ ಅಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜನತಾ ವಿದ್ಯಾಲಯ ಎಂಬ ಹೆಸರಿನಲ್ಲಿ ಹಳ್ಳಿಗಳಲ್ಲೇ ಹೈಸ್ಕೂಲು ತೆರೆದರು. ರೈತರ ಪರ ನಿಂತದ್ದಕ್ಕೆ ಬ್ರಿಟಿಷ್ ಸರ್ಕಾರ ಜಿಲ್ಲೆಯಿಂದಲೇ ಹೊರಗೆ ಹಾಕಿದ್ದ ಮನುಷ್ಯ ಅವರು. ಬಡವರ ಮಕ್ಕಳು ಪೇಟೆಗೆ ಬಂದು ಊಟ ವಸತಿಗೆ ದುಡ್ಡು ಕೊಟ್ಟು ಓದಲಾರರು ಎಂಬುದು ಅವರಿಗೆ ಗೊತ್ತಿತ್ತು. ಹಾಗೆ ಓದಿ ಮುಂದೆ ಬಂದವರು ಇವತ್ತು ನಮ್ಮ ಆಫೀಸುಗಳಲ್ಲೂ ಇದ್ದಾರೆ. ಅವರಿಗೆ ಇದನ್ನು ನೆನಪಿಸಿದರೆ ತಪ್ಪಿಲ್ಲ.

ಈಗ ಕೆಲಸದ ಮಾತು. ನಿಮ್ಮ ಕೈಯಲ್ಲಿರುವ ದೊಡ್ಡ ಅಧಿಕಾರ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ಕಾಯ್ದೆಯಂತೆ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು. ನೀವು ಸದಸ್ಯರಲ್ಲದಿದ್ದರೆ ಮುಂದಿನ ಸಲ ಆಗಿ. ಕೂಲಿ ತಪ್ಪದ ಹಾಗೆ ಸಂಜೆ ಸಭೆ ಕರೆಯಿರಿ ಎಂದು ಹೇಳಿ. ಸಭೆಯಲ್ಲಿ ಠರಾವು ಆಗಬೇಕು, ಬಾಯಿಮಾತಿಗೆ ಬೆಲೆಯಿಲ್ಲ. ಠರಾವಿನ ಪ್ರತಿಯನ್ನು ನಿಮ್ಮ ಭಾಗದ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಗೆ ಕೊಡಿ, ಬಿಇಒ ಆಫೀಸಿಗೆ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ನಿಮ್ಮದು ಶಿರಸಿ ಶೈಕ್ಷಣಿಕ ಜಿಲ್ಲೆ, ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರ) ಆಫೀಸು ಶಿರಸಿಯಲ್ಲೇ ಇದೆ. ಇದಕ್ಕಾಗಿ ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕಾಗಿಲ್ಲ.

ನಿಯೋಜನೆಯ ಆದೇಶದ ನಕಲು ಕೇಳಿದರೆ ಕೊಡದೇ ಇರಬಹುದು. ಆಗ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಹಾಗಾಗಿ ಊರಿನ ಕಷ್ಟವೆಲ್ಲ ಅದರಲ್ಲಿ ಬರೆಯಬೇಡಿ. ನಮ್ಮ ಶಾಲೆಯ ಶಿಕ್ಷಕರ ನಿಯೋಜನೆ ಆದೇಶದ ಪ್ರತಿ ಕೊಡಿ ಎಂದಷ್ಟೇ ಬರೆಯಿರಿ. 30 ದಿನದಲ್ಲಿ ಉತ್ತರ ಬರಬೇಕು. ಅದು ಕೈಗೆ ಬಂದ ಮೇಲೆ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮಿನಡಿ ಲಿಖಿತ ದೂರು ಕೊಡಬಹುದು. ಪಂಚಾಯತಿಗೆ ಕೊಟ್ಟು ಪ್ರತಿಯನ್ನು ಬಿಇಒ ಅವರಿಗೂ ಕಳಿಸಿ. ಮೂರು ತಿಂಗಳೊಳಗೆ ತೀರ್ಮಾನಿಸಬೇಕು ಎಂದು ಕಾಯ್ದೆಯಲ್ಲಿದೆ. ಆ ತೀರ್ಮಾನ ಸರಿಯೆನಿಸದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ವಕೀಲರು ಬೇಕಾಗಿಲ್ಲ. ಪಂಚಾಯತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಐದನೇ ತರಗತಿಯ ಒಂದು ಮಗು ಎದ್ದು 'ನಮ್ಮ ಎರಡನೇ ಅಕ್ಕೋರು ಎಲ್ಲಿ?' ಎಂದು ಕೇಳಲಿ. ಅಧಿಕಾರಿಗಳು ನಮ್ಮ ನಿಮ್ಮ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಟ್ಟಾರು, ಮಗುವಿನ ಮುಖ ನೋಡಿಕೊಂಡು ಹಾಗೆ ಹೇಳುವುದು ಕಷ್ಟ.

ಇದರ ಜೊತೆಗೆ ಏಪ್ರಿಲ್, ಮೇ ತಿಂಗಳಲ್ಲಿ ಅಂಗನವಾಡಿ ಮುಗಿಸುವ ಮಕ್ಕಳ ಮನೆಗೆ ನೀವೇ ಹೋಗಿ. ವ್ಯಾನಿಗೆ ಹಾಕಬೇಕೆಂದಿರುವ ಒಂದೆರಡು ಮನೆಯಾದರೂ ಒಂದು ವರ್ಷ ತಡೆದರೆ ನಿಮ್ಮ 14 ಎಂಬುದು 16 ಆಗುತ್ತದೆ. ಅಕ್ಕೋರು ವಾಪಸು ಬಂದರೆ ಅವರೂ ತಡೆಯುತ್ತಾರೆ, ಅವರು ತಡೆದರೆ ಅಕ್ಕೋರು ಉಳಿಯುತ್ತಾರೆ. ಎಲ್ಲಿಂದಲಾದರೂ ಶುರು ಮಾಡಬೇಕು.

ಮನೆಯಲ್ಲಿ ಮಾಡಬೇಕಾದದ್ದು ಹೆಚ್ಚಿಲ್ಲ. ಎರಡನೇ ತರಗತಿ ಮುಗಿಯುವಾಗ ಮಗಳು ಮೊದಲ ಸಲ ನೋಡುವ ಒಂದು ಪುಟವನ್ನು ಓದಿ, ಅದರಲ್ಲಿ ಏನಿತ್ತು ಎಂದು ತನ್ನ ಮಾತಿನಲ್ಲಿ ಹೇಳಬೇಕು. ಬಾಯಿಪಾಠ ಆಗಿರುವ ಪುಸ್ತಕದ ಪುಟ ಕೊಟ್ಟು ನೋಡಿದರೆ ತಿಳಿಯುವುದಿಲ್ಲ. ಪಂಚಾಯತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಮಕ್ಕಳಿಗೆ ಸದಸ್ಯತ್ವ ಉಚಿತ, ವಾರಕ್ಕೊಂದು ಕತೆ ಪುಸ್ತಕ ತನ್ನಿ. ನಿಮಗೆ ಓದಲು ಬರದಿದ್ದರೂ ಚಿಂತೆಯಿಲ್ಲ. ರಾತ್ರಿ ಅಡುಗೆ ಮಾಡುವಾಗ ಅವಳು ಗಟ್ಟಿಯಾಗಿ ಓದಲಿ, ನೀವು ಕೇಳಿ, 'ಆಮೇಲೆ ಏನಾಯ್ತು?' ಎಂದು ಕೇಳುತ್ತಿರಿ. ತಡವರಿಸಿದರೆ ಬೈಯಬೇಡಿ, ಮರುದಿನ ಅಕ್ಕೋರಿಗೆ ಹೇಳಿ.

ಠರಾವು ಬರೆಯುವುದು ಹೇಗೆಂದು ಗೊತ್ತಾಗದೆ ಎಷ್ಟೋ ಕಡೆ ಈ ಕೆಲಸ ನಿಂತುಬಿಡುತ್ತದೆ. ಹೀಗೆ ಬರೆಯಿರಿ:

'ಈ ದಿನ ಸೇರಿದ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಹಾಗೂ ಪಾಲಕರ ಸಭೆಯು ಸರ್ವಾನುಮತದಿಂದ ಠರಾಯಿಸುವುದೇನೆಂದರೆ: ನಮ್ಮ ಶಾಲೆಯಲ್ಲಿ 14 ಮಕ್ಕಳು ಇದ್ದು, ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯಂತೆ ಇಬ್ಬರು ಶಿಕ್ಷಕರು ಇರತಕ್ಕದ್ದು. ನಿಯೋಜನೆಯ ಮೇಲೆ ಬೇರೆ ಶಾಲೆಗೆ ಕಳಿಸಿರುವ ಶಿಕ್ಷಕರನ್ನು ಕಲಂ 25(2)ರಂತೆ ಕೂಡಲೇ ಮೂಲ ಶಾಲೆಗೆ ಹಿಂದಿರುಗಿಸಬೇಕು. ಶಾಲೆಯನ್ನು ಬೇರೆ ಶಾಲೆಯೊಂದಿಗೆ ವಿಲೀನ ಮಾಡುವುದಕ್ಕೆ ನಮ್ಮ ಒಪ್ಪಿಗೆ ಇರುವುದಿಲ್ಲ. ಸದರಿ ಶಾಲೆ 6 ಕಿ.ಮೀ. ದೂರದಲ್ಲಿದ್ದು, ಮಾರ್ಗದಲ್ಲಿ ಎರಡು ಹಳ್ಳಗಳಿದ್ದು, ಮಳೆಗಾಲದಲ್ಲಿ ಮಕ್ಕಳ ಜೀವಕ್ಕೆ ಅಪಾಯವಿರುತ್ತದೆ.'

ಕೆಳಗೆ ಪ್ರತಿ ಮನೆಯಿಂದ ಒಬ್ಬರ ಸಹಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ, ಪಕ್ಕದಲ್ಲಿ ಹೆಸರು ಬರೆಯಿರಿ. ಮಳೆಗಾಲದಲ್ಲಿ ಆ ಎರಡು ಹಳ್ಳ ತುಂಬಿ ಹರಿಯುವಾಗ ಮೊಬೈಲಿನಲ್ಲಿ ತೆಗೆದ ಫೋಟೋ ಯಾರ ಹತ್ತಿರವಾದರೂ ಇದ್ದರೆ, ಶಿರಸಿಯಲ್ಲಿ ಪ್ರಿಂಟು ಹಾಕಿಸಿ ತಾರೀಕು ಬರೆದು ಅದಕ್ಕೆ ಲಗತ್ತಿಸಿ.